ಸೆರಗಿಗೆ ಅಂಟಿದ ಬೆಳಕು

"ಸಂಜೆ ಭಾಮಾ ಬರ್ತಾಳಂತೆ," ಎಂದರು ಈಶ್ವರಮ್ಮ, ನೆನೆಸಿದ ಅವರೆಕಾಳನ್ನು ಒಂದೊಂದಾಗಿ ಹಿದುಕುತ್ತ. ಸೊಸೆಯ ಮುಖ ನೋಡದೆ ಬೋಗುಣಿಗೇ ಹೇಳಿದ ಹಾಗಿತ್ತು ಆ ಮಾತು. "ಏಳು ತಿಂಗಳು ತುಂಬ್ತಲ್ಲ. ಹಳೇ ಸೀರೆ ಬೇಕಂತೆ."

ಯಾರ ಸೀರೆ ಎಂದು ಅವರು ಹೇಳಲಿಲ್ಲ. ಕಾಫಿ ಸೋಸುತ್ತಿದ್ದ ಕಾತ್ಯಾಯಿನಿ ಹಾಗೇ ಸೋಸುತ್ತ ಹೋದಳು. ಲೋಟ ತುಂಬಿ ಕಟ್ಟೆಯ ಮೇಲೆ ಹರಿದದ್ದು ಬೆರಳಿಗೆ ಬಿಸಿ ತಗಲಿದಾಗಲೇ ಗೊತ್ತಾದದ್ದು. ಎಳೆಮಗುವಿಗೆ ಹೊಸ ಬಟ್ಟೆ ಹಾಕುವುದಿಲ್ಲ. ಉಟ್ಟು ಉಟ್ಟು, ಒಗೆದು ಒಗೆದು ಮೆತ್ತಗಾದ ನೂಲಿನ ಸೀರೆಯನ್ನು ಹರಿದು, ಅದರಲ್ಲೇ ಮಲಗಿಸಿ, ಅದರಲ್ಲೇ ಸುತ್ತಿ, ಅದರಲ್ಲೇ ಒರೆಸುವುದು. ಆ ಸೀರೆ ಮಕ್ಕಳಾದವರದ್ದೇ ಆಗಬೇಕು ಎನ್ನುವುದು ಈಶ್ವರಮ್ಮನವರು ಎಂದೂ ಬಿಟ್ಟುಕೊಡದ ಮಾತು. ಕಾತ್ಯಾಯಿನಿಗೆ ಮಕ್ಕಳಿಲ್ಲ. ಆದರೂ ಎರಡು ಮಳೆಗಾಲದ ಹಿಂದೆ ಗಂಡನ ತಂಗಿ ಸತ್ಯಭಾಮಾ ಚೊಚ್ಚಲ ಬಾಣಂತನಕ್ಕೆ ಈ ಜಯನಗರದ ಮನೆಗೆ ಬಂದಾಗ, ತಾಯಿಯ ಮಾತನ್ನು ತಳ್ಳಿಹಾಕಿ, ಅತ್ತಿಗೆಯ ಬೀರುವನ್ನು ತಾನೇ ತೆಗೆದು, ಬೂದಿಬಣ್ಣದ ಚೌಕಳಿ ಸೀರೆಯನ್ನು ಕೆನ್ನೆಗೆ ಒತ್ತಿಕೊಂಡು, "ಇಷ್ಟು ಮೆತ್ತಗಿರೋದು ಯಾರ ಹತ್ರ ಇದೆಯಮ್ಮಾ, ನನಗೆ ಇದೇ ಬೇಕು," ಎಂದಿದ್ದಳು. ಆವತ್ತು ಕಾತ್ಯಾಯಿನಿಗಾದ ಸಂತೋಷ ಎಂಥದ್ದೆಂದರೆ, ಅದು ಯಾರಿಗೂ ಕಾಣದಿರಲಿ ಎಂದು ಅವಳು ಬಚ್ಚಲಿಗೆ ಹೋಗಿ ಸುಮ್ಮನೆ ಮುಖ ತೊಳೆದುಕೊಂಡು ಬಂದಿದ್ದಳು.

ಆ ಮಗು ತೊಟ್ಟಿಲಿಗೆ ಹಾಕುವ ಮೊದಲೇ ಹೋಯಿತು. ಹೆಸರೂ ಇಟ್ಟಿರಲಿಲ್ಲ. ರಕ್ತಕ್ಕೆ ನಂಜು ಏರಿದೆ, ಎಲ್ಲಿಂದ ಬಂತೋ ಹೇಳುವುದಕ್ಕಾಗುವುದಿಲ್ಲ ಎಂದರು ಆಸ್ಪತ್ರೆಯಲ್ಲಿ. ಈಗ ಮನೆಯಲ್ಲಿ ಯಾರೂ ಆ ಮಗುವಿನ ಮಾತೆತ್ತುವುದಿಲ್ಲ. ಎತ್ತಲೇಬೇಕಾದಾಗ 'ಆಗ' ಎನ್ನುತ್ತಾರೆ. ಆಗ ಮಳೆ ಜಾಸ್ತಿ ಇತ್ತು. ಆಗ ಹಾಲಿನವನು ಬೇರೆಯವನಿದ್ದ. ಬಾಣಂತಿ ಮಲಗಿದ್ದ, ಅಡುಗೆಮನೆಯ ಪಕ್ಕದ ಆ ಕೋಣೆಯಲ್ಲಿ ಈಗ ಅಕ್ಕಿಮೂಟೆ, ಹಳೆಯ ಟ್ರಂಕು, ಗಂಡ ಗಂಗಾಧರಯ್ಯನ ಆಫೀಸಿನ ಕಟ್ಟುಗಳು ತುಂಬಿಕೊಂಡಿವೆ. ಆದರೂ ಬೆಳಿಗ್ಗೆ ಅಕ್ಕಿ ಅಳೆಯಲು ಬಾಗಿಲು ತೆಗೆದಾಗಲೆಲ್ಲ ಬಜೆ ತೇಯ್ದ ವಾಸನೆ ಬಂದ ಹಾಗಾಗುತ್ತದೆ ಕಾತ್ಯಾಯಿನಿಗೆ. ಅಕ್ಕಿಯನ್ನು ಬೇಗ ಬೇಗ ತೆಗೆದುಕೊಂಡು, ಬೆನ್ನು ತೋರಿಸದೆ, ಹಿಂದೆ ಹಿಂದೆ ಹೆಜ್ಜೆಯಿಟ್ಟು ಹೊರಗೆ ಬರುತ್ತಾಳೆ.

ಮಗುವನ್ನು ಕಳಿಸಿಕೊಟ್ಟ ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ, ಹಿತ್ತಿಲ ಕಲ್ಲಿನ ಹತ್ತಿರ ಈಶ್ವರಮ್ಮ ಮಗಳಿಗೆ ಹೇಳುತ್ತಿದ್ದುದು ಅವಳ ಕಿವಿಗೆ ಬಿದ್ದಿತ್ತು. "ನಾನು ಬೇಡ ಅಂದೆ. ಮಡಿಲು ಬರಿದಾಗಿರೋಳ ಸೀರೆ. ನೀನು ಹಟ ಮಾಡ್ದೆ. ಅನುಭವಿಸು." ಕದದ ಹಿಂದೆ ನಿಂತಿದ್ದ ಕಾತ್ಯಾಯಿನಿಗೆ ಮೊದಲು ಬಂದದ್ದು ಸಿಟ್ಟು. ಎಂ.ಎಸ್ಸಿ ಮಾಡಿದವಳು, ಕಣ್ಣಿಗೆ ಕಾಣದ ಜೀವಗಳನ್ನು ಎಣಿಸುವುದೇ ಕಸುಬಾದವಳು. ಬಂಜೆಯ ಸೀರೆ ಮಗುವನ್ನು ಕೊಲ್ಲುತ್ತದೆಯೇ ಎಂದು ಒಳಗೇ ನಕ್ಕಳು ಕೂಡ. ಆ ನಗು ತುಟಿಗೆ ಬರುವ ಮೊದಲೇ ಅವಳಿಗೆ ಸೆರಗಿನ ತುದಿ ನೆನಪಾಯಿತು. ಅಲ್ಲಿಂದ ಈಚೆಗೆ ಅವಳು ಹಾಗೆ ನಕ್ಕಿಲ್ಲ.

ಬೀರುವಿನಿಂದ ತಿಳಿಹಳದಿ ನೂಲಿನ ಸೀರೆಯೊಂದನ್ನು ತೆಗೆದು, ಊಟದ ಡಬ್ಬಿಯ ಕೆಳಗೆ ಮಡಿಚಿಟ್ಟುಕೊಂಡು ಅವಳು ಬಸ್ಸಿಗೆ ಹೊರಟಳು. ಭಾಮಾ ಇವತ್ತು ಕೈಹಾಕಿದರೆ ಇದಕ್ಕೇ ಹಾಕುತ್ತಾಳೆ. ಉಳಿದವುಗಳಲ್ಲಿ ಇದೇ ಮೆತ್ತಗಿನದು.

ಬಿಳೇಕಹಳ್ಳಿ ದಾಟಿದ ಮೇಲೆ ನೀಲಗಿರಿ ಮರಗಳ ನಡುವೆ ಅವಳು ಕೆಲಸ ಮಾಡುವ ಸಂಸ್ಥೆ. ಅದರ ಹಿಂಬದಿಯ ಕಟ್ಟಡದಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದ ಕೋಣೆಯೊಂದರಲ್ಲಿ, ಆ ಯಂತ್ರ. ಫ್ಲೋ ಸೈಟೋಮೀಟರ್ ಎಂದು ಅದರ ಹೆಸರು. ಅದು ಬಂದ ಹೊಸದರಲ್ಲಿ ಅದರ ಹಣೆಗೆ ಕುಂಕುಮ ಇಟ್ಟು ನಿಂಬೆಹಣ್ಣು ಹೆಚ್ಚಿದ್ದರು. ಪುಟ್ಟೇನಹಳ್ಳಿ ಕೆರೆ, ಗೊಟ್ಟಿಗೆರೆ ಕೆರೆಯ ನೀರನ್ನು ಸೋಸಿ, ಅದರಲ್ಲಿರುವ ಬ್ಯಾಕ್ಟೀರಿಯಾಗಳಿಗೆ ಬಣ್ಣ ಕುಡಿಸಿ, ಕೂದಲೆಳೆಯಂಥ ಧಾರೆಯಲ್ಲಿ ಒಂದರ ಹಿಂದೊಂದು ಸಾಲುಗಟ್ಟಿಸಿ ಲೇಸರ್ ಬೆಳಕಿನ ಮುಂದೆ ಹಾಯಿಸುವುದು ಅವಳ ಕೆಲಸ. ಪ್ರತಿಯೊಂದು ಜೀವಕೋಶವೂ ಬೆಳಕಿಗೆ ಸಿಕ್ಕ ಕ್ಷಣದಲ್ಲಿ ಮಿಂಚಿ ಪರದೆಯ ಮೇಲೆ ಒಂದು ಚುಕ್ಕೆಯಾಗುತ್ತದೆ. ಎರಡು ಬಣ್ಣ. ಹಸಿರು ಬಣ್ಣ ಬದುಕಿರುವುದರ ಒಳಗೆ ಮಾತ್ರ ಹೊತ್ತಿಕೊಳ್ಳುತ್ತದೆ. ಕೆಂಪು ಬಣ್ಣ, ಎಥಿಡಿಯಂ ಬ್ರೋಮೈಡ್, ಬದುಕಿರುವುದರ ಒಳಗೆ ಸುಲಭವಾಗಿ ಹೋಗಲಾರದು. ಜೀವ ಇರುವಷ್ಟು ಹೊತ್ತು ಕೋಶ ಅದನ್ನು ಹೊರಗೇ ನಿಲ್ಲಿಸುತ್ತದೆ. ಗೋಡೆ ಒಡೆದ ಮೇಲೆ, ಸತ್ತ ಮೇಲೆ, ಯಾರೂ ತಡೆಯದ ಮನೆಗೆ ನುಗ್ಗಿದ ಹಾಗೆ ಒಳಗೆ ಹೋಗಿ ನಟ್ಟನಡುವೆ ಕೂರುತ್ತದೆ. ಇದನ್ನು ಅವಳು ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳಿಕೊಟ್ಟಿದ್ದಾಳೆ, ಹೇಳುವಾಗ ದನಿಯಲ್ಲಿ ಏನೂ ಇರುತ್ತಿರಲಿಲ್ಲ.

ಪರದೆಯ ತುಂಬ ಚುಕ್ಕೆಗಳು ಬೀಳುತ್ತವೆ. ಎಲ್ಲವೂ ಜೀವವಲ್ಲ, ಕೆರೆಯ ಮಣ್ಣು, ಕೊಳೆತ ಎಲೆಯ ಚೂರು, ಯಾವುದೋ ಸೋಪಿನ ನೊರೆ. ಕೀಲಿಗಳನ್ನು ಒತ್ತಿ ಪರದೆಯ ಮೇಲೆ ಒಂದು ಗೆರೆ ಎಳೆಯಬೇಕು. ಗೆರೆಯ ಒಳಗಿನದು ಲೆಕ್ಕಕ್ಕೆ, ಹೊರಗಿನದು ಕಸ. ಗೆರೆಯನ್ನು ಎಲ್ಲಿ ಎಳೆಯಬೇಕು ಎನ್ನುವುದು ಯಂತ್ರಕ್ಕೆ ಗೊತ್ತಿಲ್ಲ, ಕೂತವರಿಗೆ ಗೊತ್ತಿರಬೇಕು. ಕಾತ್ಯಾಯಿನಿಯ ಗೆರೆಯ ಮೇಲೆ ಎಲ್ಲರಿಗೂ ನಂಬಿಕೆ. ಆದರೆ ಅವಳಿಗೆ ಹೆಸರು ಬಂದದ್ದು ಅದಕ್ಕಲ್ಲ.

ಕೆರೆಯ ನೀರು ಎಷ್ಟು ಸೋಸಿದರೂ ಯಂತ್ರದ ನಾಜಲ್ ಕಟ್ಟಿಕೊಳ್ಳುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಅದು. ಒರೆಸಲು ಹೊರದೇಶದಿಂದ ಬಂದಿದ್ದ ಕಾಗದ ಮೊದಲ ತಿಂಗಳಲ್ಲೇ ಮುಗಿಯಿತು. ಹತ್ತಿ ಇಟ್ಟರೆ ಎಳೆ ಬಿಟ್ಟು ಇನ್ನಷ್ಟು ಕಟ್ಟಿಕೊಂಡಿತು. ಒಂದು ದಿನ ಕೈಗೆ ಏನೂ ಸಿಗದೆ ಕಾತ್ಯಾಯಿನಿ ಸೆರಗಿನ ತುದಿಯನ್ನೇ ಬೆರಳಿಗೆ ಸುತ್ತಿ ಒರೆಸಿದಳು. ಧಾರೆ ನೆಟ್ಟಗೆ ನಿಂತಿತು. ವರ್ಷಗಟ್ಟಲೆ ಒಗೆದ ನೂಲು ಎಳೆ ಬಿಡುವುದಿಲ್ಲ. ಅಲ್ಲಿಂದ ಮುಂದೆ ನಾಜಲ್ ಕಟ್ಟಿದಾಗಲೆಲ್ಲ ಅವಳನ್ನು ಕರೆಯುವುದು, ಅವಳು ಬಂದು ಸೆರಗು ತಿರುಚುವುದು ನಡೆದುಬಂತು. ಮುಖ್ಯಸ್ಥರಾದ ಡಾಕ್ಟರ್ ಹನುಮಯ್ಯ, ಯಾರಾದರೂ ದೊಡ್ಡವರು ನೋಡಲು ಬಂದರೆ, "ಇವರು ಕಾತ್ಯಾಯಿನಿ. ಇವರ ಸೆರಗೇ ನಮ್ಮ ಇಂಪೋರ್ಟೆಡ್ ಟಿಶ್ಯೂ," ಎನ್ನುತ್ತಿದ್ದರು. ಬಂದವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. ಅದರ ತುದಿಯಲ್ಲಿ ಪುಟ್ಟೇನಹಳ್ಳಿಯ ಕೆರೆ ಇರುತ್ತಿತ್ತು, ಇಡೀ ಬಡಾವಣೆಯ ಮೋರಿ ಬಂದು ಸೇರುವ ಆ ನೀರು. ಜೊತೆಗೆ ಕುಂಕುಮ ಕದಡಿದ ಹಾಗೆ ಮಂಕು ಗುಲಾಬಿಯಾಗಿ ಎಥಿಡಿಯಂ.

ಭಾಮಾ ಚೌಕಳಿ ಸೀರೆಯನ್ನು ಆರಿಸಿಕೊಂಡ ದಿನ ಈಶ್ವರಮ್ಮ ಆ ಗುಲಾಬಿ ಕಲೆಯನ್ನು ಬೆರಳಿಂದ ಮುಟ್ಟಿ, "ಆರತಿ ನೀರು ಬಿದ್ದಿದೆಯೇನೇ?" ಎಂದು ಕೇಳಿದ್ದರು. "ಹೌದು ಅತ್ತೆ," ಎಂದುಬಿಟ್ಟಿದ್ದಳು. ವಿವರಿಸುವುದು ಉದ್ದವಾಗುತ್ತಿತ್ತು. ಅವರ ಮುಖ ಒಂದಿಷ್ಟು ಸಡಿಲವಾಗಿತ್ತು ಕೂಡ. ಹಂಡೆಗೆ ಹಾಕಿ ಒಂದು ಸಲ ಕುದಿಸಬೇಕು ಎಂದು ಅವಳಿಗೆ ಅನ್ನಿಸಿತ್ತು. ಅನ್ನಿಸದೆ ಇರುತ್ತದೆಯೇ, ಅದೇ ವಿದ್ಯೆ ಓದಿದವಳಿಗೆ. ಸೌದೆ ಒದ್ದೆಯಾಗಿತ್ತು, ಬಸ್ಸಿಗೆ ಹೊತ್ತಾಗಿತ್ತು. ಬಟ್ಟೆ ಒಗೆಯುವ ಅಂಕಮ್ಮ ಎಲ್ಲದರ ಜೊತೆ ಅದನ್ನೂ ಜಾಲಿಸಿ ಪಡಸಾಲೆಯ ಹಗ್ಗದ ಮೇಲೆ ಹರವಿದ್ದಳು. ಮಳೆಗೆ ಅದು ಮೂರು ದಿನವಾದರೂ ತಣ್ಣಗೇ ಇತ್ತು. ಭಾಮಾ ಕೇಳಿದಳು: "ತೊಳೆದಿದೆಯಾ ಅತ್ತಿಗೆ?" "ತೊಳೆದಿದೆ ಭಾಮಾ."

ಅದಾದ ಮೇಲೆ ಒಂದು ಬೆಳಿಗ್ಗೆ. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಎಣ್ಣೆ ಹಚ್ಚಿ ನೀರು ಹಾಕಿದ ಮಗುವನ್ನು ಹಿಂಬಾಗಿಲ ಎಳೆಬಿಸಿಲಿನಲ್ಲಿ ಮೊರದ ಮೇಲೆ ಮಲಗಿಸಿದ್ದರು. ಕೆಲಸಕ್ಕೆ ಹೊರಟಿದ್ದ ಕಾತ್ಯಾಯಿನಿ ಚಪ್ಪಲಿ ಮೆಟ್ಟಿಕೊಳ್ಳುತ್ತ ತಿರುಗಿ ನೋಡಿದಳು. ಚೌಕಳಿ ಬಟ್ಟೆ. ಅದರ ಸೆರಗಿನ ಕಡೆ ಹಿಂದೆಂದೋ ಮೊಳೆಗೆ ಸಿಕ್ಕಿ ಹರಿದಿದ್ದನ್ನು ಅವಳೇ ಹೊಲಿದಿದ್ದಳು. ಬೂದಿ ದಾರ ಇಲ್ಲದೆ ಹಸಿರು ದಾರದಲ್ಲಿ. ಮಗುವಿನ ಹಿಮ್ಮಡಿ ಸರಿಯಾಗಿ ಆ ಹಸಿರು ಹೊಲಿಗೆಯ ಮೇಲೆ ಇತ್ತು. ಒದೆಯುತ್ತಿತ್ತು, ಎಳೆಯುತ್ತಿತ್ತು, ಮತ್ತೆ ಅಲ್ಲಿಗೇ ಊರುತ್ತಿತ್ತು. ಸುತ್ತ ಯಾರೂ ಇರಲಿಲ್ಲ. ಅವಳು ಬಗ್ಗಿ ಆ ಹಿಮ್ಮಡಿಯನ್ನು ಮುಟ್ಟಬೇಕೆಂದುಕೊಂಡಳು. ಹೊರಗಿನ ಚಪ್ಪಲಿಯಲ್ಲಿದ್ದೇನೆ, ಮಗುವಿಗೆ ಏನಾದರೂ ತಗಲೀತು ಎಂದು ಮುಟ್ಟದೆ ಹೋದಳು. ಎಷ್ಟು ಜೋಪಾನ.

"ಮೇಡಂ, ಇವತ್ತೂ ನಾಜಲ್ ಕಟ್ಕೊಂಡ್ತು," ಎಂದ ದೇವದಾಸ್. ಯಂತ್ರವನ್ನು ಅವಳ ಜೊತೆ ನಡೆಸುವವನು, ಮೂವತ್ತರ ಸುಮಾರಿನವನು, ಯಾವುದನ್ನೂ ಮನಸ್ಸಿಗೆ ಹಚ್ಚಿಕೊಳ್ಳದವನು. ಕತ್ತಲೆಯಲ್ಲಿ ಪರದೆಯ ಬೆಳಕು ಅವನ ಕನ್ನಡಕದಲ್ಲಿ ಎರಡು ಹಸಿರು ಕಿಟಕಿಗಳಾಗಿತ್ತು. ಅವಳು ಸೆರಗು ಮುಂದಕ್ಕೆ ತರಲಿಲ್ಲ. ಡ್ರಾಯರಿನಿಂದ ಕತ್ತರಿಸಿಟ್ಟಿದ್ದ ಬಟ್ಟೆಯ ತುಂಡು ತೆಗೆದು ಕೊಟ್ಟಳು.

"ಏನ್ ಮೇಡಂ, ಸೆರಗು ರಿಟೈರ್ ಆಯ್ತಾ?"

"ಆಯ್ತು. ಆಗ್ಲೇ ಎರಡು ವರ್ಷ ಆಗ್ತಾ ಬಂತು. ನೀವು ಈಗ ನೋಡ್ತಿದ್ದೀರ."

"ಹನುಮಯ್ಯ ಸಾರ್‌ಗೆ ಹೇಳ್ಬೇಡಿ. ನಾಳೆ ಬರೋ ಗೆಸ್ಟ್‌ಗೆ ಅದೇ ಜೋಕ್ ರೆಡಿ ಇಟ್ಕೊಂಡಿದ್ದಾರೆ."

ಅವಳು ಬೇರೆ ಯಾರದೋ ವಿಷಯ ಕೇಳುವವಳ ಹಾಗೆ ಕೇಳಿದಳು. "ದೇವದಾಸ್, ಈ ಸ್ಯಾಂಪಲ್ ಬಟ್ಟೆಗೆ ಹತ್ತಿ, ಬರೀ ತಣ್ಣೀರಲ್ಲಿ ಒಗೆದು, ಸರಿಯಾಗಿ ಒಣಗದೇ ಇದ್ರೆ, ಅದರಲ್ಲಿ ಏನಾದ್ರೂ ಬದುಕಿರುತ್ತಾ?"

"ಇರ್ಬಹುದು. ಇಲ್ದೇನೂ ಇರ್ಬಹುದು. ಯಾಕೆ?"

"ಅದು ಯಾರಿಗಾದ್ರೂ... ಸಣ್ಣ ಮಗೂಗೆ..."

ದೇವದಾಸ್ ನಕ್ಕ. "ಮೇಡಂ, ನಮ್ಮ ಬಿ.ಟಿ.ಎಂ. ಲೇಔಟ್‌ನಲ್ಲಿ ನಲ್ಲಿ ಬಿಟ್ರೆ ಇದಕ್ಕಿಂತ ಕೆಟ್ಟ ನೀರು ಬರುತ್ತೆ. ನನ್ನ ಮಗ ಅದೇ ನೀರಲ್ಲಿ ಸ್ನಾನ ಮಾಡಿ ಕೊಬ್ಬಿ ಕೂತಿದ್ದಾನೆ. ಮೋರಿ ಎಲ್ಲಾ ಕಡೆ ಇದೆ. ಯಾವ್ದರಿಂದ ಏನ್ ಆಯ್ತು ಅಂತ ಯಾರು ಹೇಳಕ್ಕಾಗುತ್ತೆ?" ಹಾಗೆಂದವನು ನಾಜಲ್ ಸರಿಮಾಡಿ ಗುಂಡಿ ಒತ್ತಿದ. ಚುಕ್ಕೆಗಳು ಮಳೆಯ ಹಾಗೆ ಬಿದ್ದವು.

ಯಾರು ಹೇಳಬಲ್ಲರು. ಆಸ್ಪತ್ರೆಯಲ್ಲಿ ಹೇಳಿದ್ದೂ ಅದೇ. ಆ ಮಾತನ್ನು ಅವಳು ಈವರೆಗೆ ಎಷ್ಟು ಸಲ ಹಾಸಿಕೊಂಡು ಮಲಗಲು ನೋಡಿದ್ದಾಳೋ. ಮಗುವಿಗೆ ಹಾಲು ಕುಡಿಸಿದ ಒಳಲೆ ಇತ್ತು, ಹೊಕ್ಕಳಿಗೆ ಹಚ್ಚಿದ ಬೂದಿ ಇತ್ತು, ನೋಡಲು ಬಂದವರ ಕೈ, ಕೆಮ್ಮು ಇದ್ದವು. ಇಷ್ಟರ ನಡುವೆ ಒಂದು ಸೆರಗಿನ ತುದಿ. ಆದರೆ ಬೇರೆಯವಕ್ಕೆಲ್ಲ ಗೊತ್ತಿರಲಿಲ್ಲ. ಒಳಲೆಗೆ ಗೊತ್ತಿರಲಿಲ್ಲ, ಬೂದಿಗೆ ಗೊತ್ತಿರಲಿಲ್ಲ. ಗೊತ್ತಿದ್ದೂ ಬಸ್ಸಿಗೆ ಹೊತ್ತಾಯಿತೆಂದು ಹೊರಟವಳು ಅವಳೊಬ್ಬಳೇ.

ಊಟದ ಹೊತ್ತಿಗೆ ದೇವದಾಸ್ ಕ್ಯಾಂಟೀನಿಗೆ ಹೋದ. ಕಾತ್ಯಾಯಿನಿ ಒಳಗಿನಿಂದ ಅಗುಳಿ ಹಾಕಿಕೊಂಡು, ಚೀಲದಿಂದ ತಿಳಿಹಳದಿ ಸೀರೆ ತೆಗೆದಳು. ಎಥಿಡಿಯಂ ಬಿದ್ದ ಜಾಗವನ್ನು ಬರಿಗಣ್ಣು ಕಾಣದಿದ್ದರೂ ಅಲ್ಟ್ರಾವಯಲೆಟ್ ದೀಪ ಕಾಣುತ್ತದೆ. ಅದರ ಕೆಳಗೆ ಆ ಬಣ್ಣ ಕೆಂಡದ ಹಾಗೆ ಕಿತ್ತಳೆಯಾಗಿ ಹೊತ್ತುತ್ತದೆ. ಈ ಸೀರೆಯಲ್ಲೂ ಅವಳು ಆ ದಿನಗಳಲ್ಲಿ ಒರೆಸಿದ್ದಾಳೆ. ಆಮೇಲೆ ಎಷ್ಟೋ ಒಗೆತ ಕಂಡಿದೆ. ಬಣ್ಣ ಪೂರ್ತಿ ಹೋಗಿದ್ದರೆ, ನೀರು ಅದನ್ನು ತೆಗೆಯಬಲ್ಲದು ಎಂದಾಯಿತು. ಬಣ್ಣವೇ ಹೋಗುವಂತಿದ್ದರೆ ಅದರ ಜೊತೆ ಬಂದ ಕೆರೆಯೂ ಹೋಗಿರಬಹುದು. ಉಳಿದಿದ್ದರೆ? ಇದು ಸರಿಯಾದ ಪರೀಕ್ಷೆಯಲ್ಲ ಎಂದು ಅವಳಿಗೆ ಗೊತ್ತಿತ್ತು. ಯಾರಾದರೂ ಹುಡುಗಿ ಇಂಥ ಪರೀಕ್ಷೆ ತಂದು ತೋರಿಸಿದ್ದರೆ ವಾಪಸ್ಸು ಕಳಿಸುತ್ತಿದ್ದಳು. ನಿಜವಾದ ಸೆರಗು ಬನಶಂಕರಿಯ ಆಚೆ ಮಣ್ಣಿನಲ್ಲಿದೆ, ಮಗುವಿನ ಜೊತೆಗೆ. ಆದರೂ ಬೆಂಚಿನ ಮೇಲೆ ಸೆರಗು ಹರವಿ, ದೊಡ್ಡ ದೀಪ ಆರಿಸಿ, ಕೈದೀಪ ಹಚ್ಚಿದಳು.

ಇಡೀ ಸೀರೆ ಎದ್ದು ನಿಂತ ಹಾಗೆ ಬೆಳಗಿತು. ಕಿತ್ತಳೆಯಲ್ಲ, ನೀಲಿ. ತುದಿಯಿಂದ ತುದಿಯವರೆಗೆ, ಎಳೆ ಎಳೆಯೂ, ಬೆಳದಿಂಗಳನ್ನು ಗಂಜಿ ಹಾಕಿ ಮಡಿಸಿದ ಹಾಗೆ ತಣ್ಣನೆಯ ನೀಲಿಬೆಳಕು. ಒಂದು ಕ್ಷಣ ಅವಳಿಗೆ ಬಟ್ಟೆಯ ಮೇಲೆ ಏನೋ ಮಲಗಿದೆ, ಈಗ ಕಾಲು ಒದೆಯುತ್ತದೆ ಎನ್ನಿಸಿತು. ಆಮೇಲೆ ಅರ್ಥವಾಯಿತು. ಅಂಕಮ್ಮನ ಬಕೆಟ್ಟು. ಬಟ್ಟೆ ಬೆಳ್ಳಗಾಗಲೆಂದು ಕೊನೆಯ ನೀರಿಗೆ ಹಾಕುವ ಪುಡಿ. ಬಿಳಿ, ಬಣ್ಣ ಎನ್ನದೆ ಎಲ್ಲವನ್ನೂ ಅದರಲ್ಲೇ ಅದ್ದುತ್ತಾಳೆ. ಅದೂ ಇದೇ ಜಾತಿಯ ವಸ್ತು, ಕಾಣದ ಬೆಳಕನ್ನು ಕುಡಿದು ಕಾಣುವ ಬೆಳಕನ್ನು ಉಗುಳುವುದು. ಅಷ್ಟು ಬೆಳಕಿನಲ್ಲಿ ಒಂದು ಸಣ್ಣ ಕಿತ್ತಳೆ ಕಲೆ ಇದ್ದರೂ ಕಾಣುವುದಿಲ್ಲ, ಇಲ್ಲದಿದ್ದರೂ ಇಲ್ಲವೆಂದು ಹೇಳುವುದಕ್ಕಾಗುವುದಿಲ್ಲ. ಬೆರಳಿಂದ ತಡವಿದಳು, ಮೂಗಿಗೆ ಹಿಡಿದಳು, ಬರೀ ಬಿಸಿಲಿನ ವಾಸನೆ. ದೀಪದ ಕೆಳಗೆ ಅವಳ ಉಗುರುಗಳು ಹೆಣದ ಉಗುರಿನ ಹಾಗೆ ಬೆಳ್ಳಗೆ ಹೊಳೆಯುತ್ತಿದ್ದವು. ಹೊರಗೆ ಯಾರೋ ಬಾಗಿಲು ತಟ್ಟಿ, "ಮೇಡಂ, ಒಳಗಿದ್ದೀರಾ?" ಎಂದರು. ಅವಳು ಇಲ್ಲ ಎನ್ನಲು ಬಾಯಿ ತೆರೆದಿದ್ದಳು.

ಸಂಜೆ ಬಸ್ಸಿಳಿದಾಗ ರಸ್ತೆದೀಪಗಳು ಆಗತಾನೇ ಹತ್ತಿದ್ದವು. ಬಡಾವಣೆಗೆ ಹೊಸದಾಗಿ ಹಾಕಿದ ದೀಪಗಳು. ಹಳೆಯವುಗಳ ಹಾಗೆ ಬೆಳ್ಳಗಿನವಲ್ಲ, ಕಿತ್ತಳೆ. ಪಕ್ಕದ ಮನೆಯವರು ಮದುವೆಮನೆಯ ಹಾಗಿದೆ ಎಂದು ಹೊಗಳುತ್ತಾರೆ. ಕಾತ್ಯಾಯಿನಿ ಆ ಬಣ್ಣ ಬೀಳದ ಗೋಡೆಯ ಬದಿಗೇ ನಡೆಯುತ್ತಾಳೆ. ಸೊಪ್ಪಿನವಳ ಬುಟ್ಟಿ, ಮಲಗಿದ ನಾಯಿ, ಶಾಲೆಯಿಂದ ತಡವಾಗಿ ಬರುವ ಮಕ್ಕಳ ಬಿಳಿ ಅಂಗಿ, ಎಲ್ಲಕ್ಕೂ ಅದು ಹತ್ತಿರುತ್ತದೆ.

ಭಾಮಾ ಆಗಲೇ ಬಂದು ಪಡಸಾಲೆಯಲ್ಲಿ ಕಾಲುಚಾಚಿ ಕೂತು ಹಿದಕಬೇಳೆಯ ಹುಳಿಯನ್ನು ಬಟ್ಟಲಲ್ಲಿ ಹಾಕಿಕೊಂಡು ಕುಡಿಯುತ್ತಿದ್ದಳು. ಮುಖ ಊದಿತ್ತು, ಕಣ್ಣ ಕೆಳಗೆ ಕಪ್ಪು. "ಬನ್ನಿ ಅತ್ತಿಗೆ. ನಿಮ್ಮ ಹುಳಗಳೆಲ್ಲ ಕ್ಷೇಮಾನಾ?" ಅವಳು ಯಾವಾಗಲೂ ಹಾಗೇ ಕೇಳುವುದು.

"ಕ್ಷೇಮ. ನೀನು ಹೇಗಿದ್ದೀ?"

"ಆನೆ ಹಾಗಿದ್ದೀನಿ. ಬಸ್ಸಲ್ಲಿ ಇಬ್ಬರು ಎದ್ದು ಜಾಗ ಕೊಟ್ರು, ಒಬ್ಬರದ್ದು ಸಾಲಲ್ಲ ಅಂತ."

ಈಶ್ವರಮ್ಮ ಒಳಗಿನಿಂದ ಒಂದು ಗಂಟು ತಂದು ಮಗಳ ಪಕ್ಕದಲ್ಲಿಟ್ಟರು. "ನಿಮ್ಮಪ್ಪನ ಪಂಚೆ. ಟ್ರಂಕಲ್ಲಿತ್ತು. ಮಲ್ಲು ಬಟ್ಟೆ, ಮೆತ್ತಗಿದೆ. ಅಷ್ಟು ಸಾಕು."

"ಅದೂ ಇರ್ಲಿ," ಎಂದಳು ಭಾಮಾ, ಬಟ್ಟಲು ಕೆಳಗಿಟ್ಟು. "ಆದ್ರೆ ನನಗೆ ಅತ್ತಿಗೆ ಸೀರೇನೂ ಬೇಕು. ಅದಕ್ಕೇ ಬಂದಿದ್ದು."

"ಭಾಮಾ."

"ಏನಮ್ಮಾ? ಹೇಳು. ಅತ್ತಿಗೆ ಎದುರಿಗೇ ಹೇಳು, ಹಿತ್ತಿಲಲ್ಲಿ ಹೇಳೋದನ್ನ."

ಈಶ್ವರಮ್ಮ ಸೆರಗಿನಿಂದ ಕೈ ಒರೆಸಿಕೊಂಡರು. ಭಾಮಾ ಅವತ್ತಿನಿಂದ ಇದನ್ನು ಹೊತ್ತುಕೊಂಡೇ ತಿರುಗಿದ್ದಾಳೆ, ಸೀರೆಯ ಮೇಲೆ ಬಂದ ಮಾತನ್ನು ಇನ್ನೊಂದು ಮಗುವಿನಿಂದ ಒರೆಸಿಹಾಕಲು ಬಂದಿದ್ದಾಳೆ ಎಂದು ಕಾತ್ಯಾಯಿನಿಗೆ ಆಗ ತಿಳಿಯಿತು. ಕೊಟ್ಟುಬಿಡಬಹುದು. ಕುದಿಸಿ ಕೊಡಬಹುದು. ಎಷ್ಟು ಸಲ ಕುದಿಸಿದರೆ ಸಾಕು? ಕೊಡದಿದ್ದರೆ ಅತ್ತೆಯ ಮಾತಿಗೆ ತಾನೇ ರುಜು ಹಾಕಿದ ಹಾಗೆ. ಅವಳಿಗೆ ತನ್ನ ದನಿ ಎಲ್ಲೋ ದೂರದಿಂದ ಕೇಳಿಸಿತು.

"ನನ್ನ ಸೀರೆ ಬೇಡ ಭಾಮಾ. ಕೊಡಲ್ಲ."

ಈಶ್ವರಮ್ಮ ಗಂಟನ್ನು ಮಗಳ ಕಡೆ ಇನ್ನೊಂದು ಚೂರು ಸರಿಸಿದರು. ಅವರ ಮುಖದಲ್ಲಿ ಗೆದ್ದದ್ದೇನೂ ಕಾಣಲಿಲ್ಲ, ಒಂದು ಬಗೆಯ ನಾಚಿಕೆ ಇತ್ತು. ಭಾಮಾ ಕೈಯೂರಿ ಎದ್ದಳು. ಕಾತ್ಯಾಯಿನಿ ಕೋಣೆಗೆ ಹೋದರೆ ಹಿಂದೆಯೇ ಬಂದು ಬಾಗಿಲು ಮುಂದೆ ಮಾಡಿದಳು.

"ನೀವೂ ಅದನ್ನೇ ನಂಬ್ತೀರಾ? ಓದಿದವರು ನೀವು."

"ಅದಲ್ಲ."

"ಮತ್ತೆ ನಾನು ಏನು ಅಂದ್ಕೊಳ್ಳಿ? ನನ್ನ ಕೈ ಸರಿಯಿಲ್ಲ, ಇವಳಿಗೆ ಕೊಟ್ಟದ್ದು ಉಳಿಯಲ್ಲ, ಅಂತಾನಾ?"

"ಅಲ್ಲ ಕಣೇ," ಎಂದಳು ಕಾತ್ಯಾಯಿನಿ. ಎಂದೂ ಅವಳಿಗೆ ಹಾಗೆ ಜೋರಾಗಿ ಅಂದಿರಲಿಲ್ಲ. ಆಮೇಲೆ ಹೇಳತೊಡಗಿದಳು. ಹೇಳುತ್ತ ಮಂಚದ ಮೇಲಿನ ಹೊದಿಕೆಯನ್ನು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಕೆರೆಯ ನೀರು, ನಾಜಲ್, ಸೆರಗು. ಆರತಿ ನೀರು ಎಂದದ್ದು. ಕುದಿಸಬೇಕು ಎಂದುಕೊಂಡು ಕುದಿಸದೆ ಹೋದದ್ದು. ಎಲ್ಲೂ ಅಳಲಿಲ್ಲ, ಹುಡುಗಿಯರಿಗೆ ಯಂತ್ರದ ಬಗ್ಗೆ ಹೇಳುವ ದನಿಯೇ ಬಂದುಬಿಟ್ಟಿತ್ತು. "ಗೊತ್ತಿಲ್ಲ ಭಾಮಾ. ಅದರಿಂದಾನೇ ಅಂತ ಹೇಳೋಕ್ಕಾಗಲ್ಲ. ಅದರಿಂದ ಅಲ್ಲ ಅಂತಾನೂ ಹೇಳೋಕ್ಕಾಗಲ್ಲ."

ಭಾಮಾ ನಿಂತೇ ಇದ್ದಳು. ಕಿಟಕಿಯಿಂದ ರಸ್ತೆದೀಪದ ಬಣ್ಣ ಒಳಗೆ ಬಂದು ಅವಳ ಸೊಂಟದವರೆಗೆ ಏರಿತ್ತು, ಹೊಟ್ಟೆಯ ಉಬ್ಬಿನ ಮೇಲೆ ನಿಂತಿತ್ತು. ಒಂದು ಸಲ ಅವಳ ಮುಖ ಬಿರಿದ ಹಾಗಾಯಿತು, ಏನೋ ಕೂಗುತ್ತಾಳೆ ಎನ್ನಿಸಿತು. ಕೂಗಲಿ ಎಂದು ಕಾತ್ಯಾಯಿನಿ ಕಾದಳು. ಹೊಡೆಯಲಿ ಎಂದೂ ಕಾದಳು. ಆ ಮುಖ ನೋಡನೋಡುತ್ತ ಮುಚ್ಚಿಕೊಂಡಿತು, ಒಳಗಿನಿಂದ ಯಾರೋ ಮೆಲ್ಲಗೆ ಚಿಲಕ ಹಾಕಿದ ಹಾಗೆ.

"ಅಯ್ಯೋ ಅತ್ತಿಗೆ," ಎಂದಳು ಭಾಮಾ. "ಇಷ್ಟಕ್ಕಾ? ಆ ಸೀರೇನ ನಾನು ಮಗೂಗೆ ಹಾಕ್ಲೇ ಇಲ್ಲ."

ಕಾತ್ಯಾಯಿನಿಯ ಕೈ ಹೊದಿಕೆಯ ಮೇಲೆ ನಿಂತಿತು.

"ಅಮ್ಮ ಹೇಳಿದ್ದು ಕೇಳಿ ಒಳಗೊಳಗೇ ಹೆದರಿಕೆ ಆಗಿತ್ತು. ನಿಮಗೆ ಬೇಜಾರಾಗುತ್ತೆ ಅಂತ ತಗೊಂಡೆ. ತಗೊಂಡು ಹಾಸಿಗೆ ಕೆಳಗೆ ಇಟ್ಬಿಟ್ಟೆ. ಕೊನೇಲಿ ಕಳಿಸುವಾಗ ಎತ್ಕೊಂಡು ಹೋಗೋರ ಕೈಗೆ ಸಿಕ್ಕಿ ಅದರಲ್ಲಿ ಸುತ್ತಿದ್ರು, ಅಷ್ಟೇ. ಉಸಿರು ಇರೋವಾಗ ಒಂದು ದಿನಾನೂ ಅದರ ಮೇಲೆ ಮಲಗಿಸಿಲ್ಲ. ನಿಮ್ಮ ಹತ್ರ ಹೇಳೋಕೆ ನಾಚಿಕೆ ಆಗಿ ಸುಮ್ನಿದ್ದೆ."

ಬಿಸಿಲು. ಮೊರ. ಹಸಿರು ಹೊಲಿಗೆಯ ಮೇಲೆ ಊರಿದ ಹಿಮ್ಮಡಿ, ಒದ್ದು, ಎಳೆದು, ಮತ್ತೆ ಅಲ್ಲಿಗೇ. ಕಾತ್ಯಾಯಿನಿ ಅವಳನ್ನೇ ನೋಡಿದಳು. ಭಾಮಾಗೆ ಗೊತ್ತಿಲ್ಲ, ಆ ಬೆಳಿಗ್ಗೆ ಅತ್ತಿಗೆ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದ್ದು. ನಾನು ಕಂಡೆ ಎನ್ನುವುದು ತುಟಿಯವರೆಗೆ ಬಂತು.

"ನಿಜವಾಗ್ಲೂ?" ಎಂದಳು.

ಭಾಮಾ ಎರಡೂ ಅಂಗೈಯನ್ನು ಹೊಟ್ಟೆಯ ಮೇಲಿಟ್ಟಳು. "ಇದನ್ನ ಮುಟ್ಟಿ ಹೇಳ್ತೀನಿ. ಸಾಕಾ?"

ಬೇಡ ಎಂದು ಕೈ ಚಾಚುವಷ್ಟರಲ್ಲಿ ಆಣೆ ಆಗಿಹೋಗಿತ್ತು. ಆಣೆ ಗೀಣೆ ನಂಬದವಳು ಕಾತ್ಯಾಯಿನಿ. ಕಾಲೇಜಿನ ದಿನಗಳಿಂದಲೂ ಅವಕ್ಕೆ ನಕ್ಕವಳು. ಈಗ ಆ ಎರಡು ಅಂಗೈಗಳ ಕೆಳಗೆ, ಕಿತ್ತಳೆ ಬೆಳಕಿನಲ್ಲಿ, ಏನೋ ಒಂದು ಸಲ ಮಗ್ಗುಲು ಬದಲಿಸಿದ್ದು ಸೀರೆಯ ಮೇಲೆಯೇ ಕಂಡಿತು. ತನಗೋಸ್ಕರ ಅದನ್ನು ಒತ್ತೆಯಿಟ್ಟಾಗಿದೆ. ಇನ್ನು ತಾನು ಕಂಡದ್ದನ್ನು ಕಂಡೆ ಎಂದರೆ ಆಣೆ ಸುಳ್ಳಾಗುತ್ತದೆ. ಮನಸ್ಸಿನಲ್ಲಿ ಅಂದುಕೊಂಡರೂ ಸುಳ್ಳಾಗುತ್ತದೆಯೇ?

"ನಂಬಿದೆ," ಎಂದಳು ಕಾತ್ಯಾಯಿನಿ.

ಭಾಮಾ ಮಂಚದ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ಹೊತ್ತು ಒರೆಸಿಕೊಂಡಳು. "ಹೊಸದೊಂದು ನೂಲಿನ ಸೀರೆ ತಗೊಳ್ಳಿ," ಎಂದಳು ಆಮೇಲೆ, ಸೆರಗಿನ ಒಳಗಿನಿಂದಲೇ. "ಮನೇಲಿ ಮಾತ್ರ ಉಡಿ. ದಿನಾ ಉಟ್ಟು, ದಿನಾ ನೀವೇ ಒಗೆಯಿರಿ. ಅಷ್ಟರೊಳಗೆ ಒಂದಿಷ್ಟು ಮೆತ್ತಗಾಗುತ್ತೆ. ಪೂರ್ತಿ ಆಗದಿದ್ರೂ ಪರವಾಗಿಲ್ಲ. ನನಗೆ ನಿಮ್ಮದೇ ಬೇಕು."

ಅವಳನ್ನು ಆಟೋ ಹತ್ತಿಸಿ ಒಳಗೆ ಬಂದಾಗ ಈಶ್ವರಮ್ಮ ಪಂಚೆಯ ಗಂಟನ್ನು ಮತ್ತೆ ಟ್ರಂಕಿಗೆ ಸೇರಿಸುತ್ತಿದ್ದರು. ಭಾಮಾ ಅದನ್ನು ಬಿಟ್ಟು ಹೋಗಿದ್ದಳು.

ಸಂಕ್ರಾಂತಿ ಕಳೆದು ಒಂದು ಬೆಳಿಗ್ಗೆ, ಕಾತ್ಯಾಯಿನಿ ಮನೆಯಲ್ಲಿ ಉಡುತ್ತಿದ್ದ ಹೊಸ ಸೀರೆಯನ್ನು ಕುದಿಸಿ, ಹಿಂಡಿ, ಪುಡಿ ಗಿಡಿ ಮುಟ್ಟಿಸದೆ ಹಿಂಬಾಗಿಲ ಬಿಸಿಲಿಗೆ ಹರವಿ, ಬೇರೆ ಸೀರೆ ಉಟ್ಟು ಕೆಲಸಕ್ಕೆ ಹೋದಳು. ಅದು ಇನ್ನೂ ಸರಸರ ಎನ್ನುತ್ತಿತ್ತು. ಹೊಸ ಬಟ್ಟೆಯ ಬಿಗಿ ಸುಲಭವಾಗಿ ಬಿಡುವುದಿಲ್ಲ. ಕತ್ತಲೆಕೋಣೆಯಲ್ಲಿ ದೇವದಾಸ್ ಪುಟ್ಟೇನಹಳ್ಳಿಯ ನೀರು ಹಾಕಿದ್ದ. ಚುಕ್ಕೆಗಳು ಬಿದ್ದು, ಗುಂಪುಗೂಡಿ, ಕೆಳಗೆ ಹಸಿರಿನವು ಒಂದು ಕಡೆ, ಕೆಂಪಿನವು ಒಂದು ಕಡೆ ಆದವು. ಇವೆರಡಕ್ಕೂ ಸೇರದೆ, ಎಲ್ಲಕ್ಕಿಂತ ದೂರದಲ್ಲಿ, ಪರದೆಯ ಮೂಲೆಯಲ್ಲಿ ಒಂದೇ ಒಂದು ಚುಕ್ಕೆ.

"ಇದೇನ್ ಮೇಡಂ ಒಂಟಿಯಾಗಿ ಕೂತಿದೆ? ಒಳಗೆ ಸೇರಿಸೋದಾ, ಕಸಾನಾ?"

ಕಾತ್ಯಾಯಿನಿ ಕೀಲಿಯ ಮೇಲೆ ಬೆರಳಿಟ್ಟು ಅದನ್ನೇ ನೋಡುತ್ತಿದ್ದಳು. ಅದು ಅಲುಗಲಿಲ್ಲ. ಒಮ್ಮೆ ಬೆಳಕಿನ ಮುಂದೆ ಹಾದುಹೋದದ್ದು ಅಲುಗುವುದಿಲ್ಲ, ಬಿದ್ದ ಜಾಗದಲ್ಲೇ ಇರುತ್ತದೆ.

"ಕಸ ಅನ್ಬೇಡಿ," ಎಂದಳು. "ನಾವು ಅದನ್ನ ನೋಡಿಲ್ಲ, ಅಷ್ಟೆ."

ಗೆರೆಯನ್ನು ಅದರ ಈಚೆಗೆ ಎಳೆದಳು, ಅದನ್ನು ಹೊರಗೇ ಬಿಟ್ಟು, ಬಹಳ ಜೋಪಾನವಾಗಿ.